ಧ್ವನಿತಂತಿನ ಕ್ಯಾನ್ಸರ್‌ಗೆ ರೇಡಿಯೇಷನ್: ಮಾಸ್ಕ್ ಅಳತೆಯಿಂದ ಕೊನೆಯ ಸಿಟಿಂಗ್‌ವರೆಗೆ, ಆಮೇಲೂ

ನಮ್ಮಪ್ಪ ಬಸ್ ಕಂಡಕ್ಟರ್ ಆಗಿದ್ದವರು. ಹಿಂದಿನ ಬಾಗಿಲಲ್ಲಿ ನಿಂತು ಒಂದು ಸಲ ‘ರೈಟ್’ ಅಂದರೆ ತುಂಬಿದ ಬಸ್ಸಿನ ಗಲಾಟೆ ದಾಟಿ ಡ್ರೈವರ್‌ಗೆ ಕೇಳುತ್ತಿತ್ತು. ರಿಟೈರ್ ಆದ ನಾಲ್ಕನೇ ವರ್ಷ ಆ ಧ್ವನಿ ಗೊಗ್ಗರಾಯಿತು. ನೆಗಡಿ ಇರಬೇಕು ಅಂದುಕೊಂಡೆವು. ಶುಂಠಿ ಕಷಾಯ ಆಯಿತು, ವೀಳ್ಯದೆಲೆ ಜೊತೆ ಕಾಳುಮೆಣಸು ಅಗಿದಿದ್ದಾಯಿತು. ಊರಿನ ಕ್ಲಿನಿಕ್ಕಿನಲ್ಲಿ ಕೆಮ್ಮಿನ ಸಿರಪ್ ಕೊಟ್ಟರು, ಎರಡು ಸಲ ಆಂಟಿಬಯಾಟಿಕ್ ಬರೆದರು. ನೋವಿಲ್ಲ, ಜ್ವರವಿಲ್ಲ, ಊಟ ಸರಿಯಾಗಿ ಸೇರುತ್ತಿದೆ. ಬರೀ ಧ್ವನಿ ಮಾತ್ರ ಸರಿಯಿಲ್ಲ. ಹೀಗೇ ಮೂರು ತಿಂಗಳು ಕಳೆದೆವು.

ಕೊನೆಗೆ ಕಿವಿ-ಮೂಗು-ಗಂಟಲು ಡಾಕ್ಟರು ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿ ನೋಡಿದರು. ಎಡಗಡೆ ಧ್ವನಿತಂತಿನ ಮೇಲೆ ಅಕ್ಕಿಕಾಳಿನಷ್ಟು ಒರಟಾದ ಬಿಳಿ ಗಂಟು. ಅದರ ಚೂರು ತೆಗೆದು ಪರೀಕ್ಷೆ ಮಾಡಿದರು, ಆ ಬಯಾಪ್ಸಿಯಲ್ಲಿ ಕ್ಯಾನ್ಸರ್ ಅಂತ ಬಂತು. ಮೊದಲ ಹಂತ. ಆಪರೇಷನ್ ಇಲ್ಲ, ಕಿಮೋ ಇಲ್ಲ, 28 ದಿನ ರೇಡಿಯೇಷನ್ ಅಂದರು.

ಆ ದಿನ ಮನೆಗೆ ಬಂದ ಮೇಲೆ ನಮಗೆ ಏನೂ ಗೊತ್ತಿರಲಿಲ್ಲ. ಏನು ಮಾಡಬೇಕು, ಯಾವುದು ಮೊದಲು, ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ. ಈಗ ಅದೇ ಜಾಗದಲ್ಲಿ ಕೂತಿರುವ ಮನೆಯವರಿಗೆ ಅಂತ ಇದನ್ನು ಬರೆಯುತ್ತಿದ್ದೇನೆ. ನಾನು ಡಾಕ್ಟರಲ್ಲ, ದಿನಾ ಜೊತೆಗೆ ಹೋಗಿ ಬಂದವಳು. ನಿಮ್ಮ ರಿಪೋರ್ಟ್ ನೋಡಿದ ಡಾಕ್ಟರು ಬೇರೆ ಹೇಳಿದರೆ ಅವರ ಮಾತೇ ಕೊನೆ.

ಮೂರು ವಾರ ದಾಟಿದರೆ ಕ್ಯಾಮೆರಾ ಹಾಕಿಸಿ

ಧ್ವನಿ ಗೊಗ್ಗರಾಗಿ ಮೂರು ವಾರ ಆದರೂ ಸರಿಹೋಗದಿದ್ದರೆ ಕಿವಿ-ಮೂಗು-ಗಂಟಲು ಡಾಕ್ಟರ ಹತ್ತಿರ ಹೋಗಿ ಧ್ವನಿಪೆಟ್ಟಿಗೆ ನೋಡಿಸಲೇಬೇಕು. ಬೀಡಿ, ಸಿಗರೇಟು ಸೇದುವವರಾದರೆ ಇನ್ನೂ ಬೇಗ. ಬಾಯಿ ತೆರೆಸಿ ಟಾರ್ಚ್ ಬಿಟ್ಟು ನೋಡಿದರೆ ಧ್ವನಿತಂತು ಕಾಣಿಸುವುದಿಲ್ಲ. ಕನ್ನಡಿ ಅಥವಾ ಕ್ಯಾಮೆರಾ ಬೇಕೇ ಬೇಕು.

ಈ ಕ್ಯಾನ್ಸರ್‌ನಲ್ಲಿ ಒಂದು ಅನುಕೂಲ ಇದೆ. ಧ್ವನಿತಂತಿನ ಅಂಚಿನಲ್ಲಿ ಒಂದು ಕಾಳಿನಷ್ಟು ಬೆಳೆದರೂ ಎರಡು ತಂತು ಸರಿಯಾಗಿ ಕೂಡುವುದಿಲ್ಲ, ಧ್ವನಿ ಕೆಡುತ್ತದೆ. ಅಂದರೆ ಕಾಯಿಲೆ ತಾನಾಗಿಯೇ ಬೇಗ ಸುಳಿವು ಕೊಡುತ್ತದೆ. ಜೊತೆಗೆ ಧ್ವನಿತಂತಿನಲ್ಲಿ ದುಗ್ಧನಾಳಗಳು, ಅಂದರೆ ಕ್ಯಾನ್ಸರ್ ಕಣಗಳು ಹರಡಲು ದಾರಿಯಾಗುವ ಸಣ್ಣ ನಾಳಗಳು, ತೀರಾ ಕಡಿಮೆ. ಹಾಗಾಗಿ ಮೊದಲ ಹಂತದಲ್ಲಿ ಅದು ಕತ್ತಿನ ಗಂಟುಗಳಿಗೆ, ಅಂದರೆ ದುಗ್ಧಗ್ರಂಥಿಗಳಿಗೆ, ಹರಡುವುದು ಅಪರೂಪ. ಸುಳಿವು ಸಿಕ್ಕಾಗ ಹಿಡಿದರೆ ಸಣ್ಣ ಜಾಗಕ್ಕೆ ಮಾತ್ರ ಚಿಕಿತ್ಸೆ ಕೊಟ್ಟರೆ ಸಾಕಾಗುತ್ತದೆ. ನಾವು ಕಳೆದ ಮೂರು ತಿಂಗಳು ನೆನೆದರೆ ಇವತ್ತಿಗೂ ನನಗೆ ಹೊಟ್ಟೆಯಲ್ಲಿ ತಳಮಳ ಆಗುತ್ತದೆ.

ರಿಪೋರ್ಟ್‌ನಲ್ಲಿ ಏನು ನೋಡಬೇಕು

ಬಯಾಪ್ಸಿ ರಿಪೋರ್ಟ್‌ನಲ್ಲಿ ಸಾಮಾನ್ಯವಾಗಿ ‘ಸ್ಕ್ವಾಮಸ್ ಸೆಲ್ ಕಾರ್ಸಿನೋಮ’ ಅಂತ ಇರುತ್ತದೆ. ಧ್ವನಿಪೆಟ್ಟಿಗೆಯ ಕ್ಯಾನ್ಸರ್‌ಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಈ ಜಾತಿಯವೇ. ಆಮೇಲೆ ಹಂತ. ಒಂದೇ ತಂತಿನಲ್ಲಿದ್ದರೆ ಟಿ1ಎ, ಎರಡೂ ತಂತಿನಲ್ಲಿದ್ದರೆ ಟಿ1ಬಿ. ತಂತಿನಿಂದ ಮೇಲಕ್ಕೋ ಕೆಳಕ್ಕೋ ಹಬ್ಬಿದ್ದರೆ, ಅಥವಾ ತಂತಿನ ಓಡಾಟ ಮಂದವಾಗಿದ್ದರೆ ಟಿ2. ಎನ್0 ಅಂದರೆ ಕತ್ತಿನ ಗಂಟುಗಳಿಗೆ ಹೋಗಿಲ್ಲ ಅಂತ. ಈ ಲೇಖನ ಟಿ1, ಟಿ2 ಇರುವವರಿಗೆ ಮಾತ್ರ.

ಡಾಕ್ಟರ ಹತ್ತಿರ ಇನ್ನೊಂದು ಮಾತು ಕೇಳಿ: ಎರಡು ತಂತು ಮುಂದುಗಡೆ ಸೇರುವ ಮೂಲೆಗೆ ಕಾಯಿಲೆ ತಾಗಿದೆಯಾ? ಆ ಮೂಲೆ ಗಂಟಲ ಮುಂಭಾಗದ ಚರ್ಮಕ್ಕೆ ತೀರಾ ಹತ್ತಿರ. ಅಲ್ಲಿ ರೇಡಿಯೇಷನ್ ಡೋಸ್ ಕಡಿಮೆ ಬೀಳದ ಹಾಗೆ ಪ್ಲಾನ್ ಮಾಡುವಾಗಲೇ ನೋಡಿಕೊಳ್ಳಬೇಕಾಗುತ್ತದೆ. ಲೇಸರ್ ಬೇಕೋ ರೇಡಿಯೇಷನ್ ಬೇಕೋ ಅನ್ನುವ ತೀರ್ಮಾನಕ್ಕೂ ಈ ಮೂಲೆ ಮುಖ್ಯ.

ಲೇಸರಾ, ರೇಡಿಯೇಷನ್ನಾ?

ಮೊದಲ ಹಂತಕ್ಕೆ ಎರಡು ದಾರಿ ಇವೆ. ಒಂದು, ಪೂರ್ತಿ ಅರಿವಳಿಕೆ ಕೊಟ್ಟು ಬಾಯಿಯ ಮೂಲಕ ಲೇಸರ್‌ನಿಂದ ಆ ಭಾಗ ಕತ್ತರಿಸಿ ತೆಗೆಯುವುದು. ಒಂದೆರಡು ದಿನದಲ್ಲಿ ಮುಗಿಯುತ್ತದೆ. ಮತ್ತೆ ಬಂದರೆ ಮತ್ತೆ ಮಾಡಬಹುದು, ಬೇಕಾದರೆ ಆಗ ರೇಡಿಯೇಷನ್ನೂ ಕೊಡಬಹುದು. ಇನ್ನೊಂದು ರೇಡಿಯೇಷನ್. ಏನನ್ನೂ ಕತ್ತರಿಸುವುದಿಲ್ಲ, ತಂತು ಇದ್ದ ಹಾಗೇ ಉಳಿಯುತ್ತದೆ. ಆದರೆ ಐದಾರು ವಾರ ಓಡಾಡಬೇಕು. ಅದೇ ಜಾಗಕ್ಕೆ ಎರಡನೇ ಸಲ ಪೂರ್ತಿ ಡೋಸ್ ಕೊಡುವುದು ಸಾಮಾನ್ಯವಾಗಿ ಆಗುವುದಿಲ್ಲ. ಕಾಯಿಲೆ ಗುಣವಾಗುವ ಲೆಕ್ಕದಲ್ಲಿ ಎರಡೂ ಹತ್ತಿರ ಹತ್ತಿರ: ಟಿ1ಗೆ ರೇಡಿಯೇಷನ್ ಕೊಟ್ಟರೆ ಐದು ವರ್ಷದ ಹೊತ್ತಿಗೆ ನೂರಕ್ಕೆ 85ರಿಂದ 95 ಜನರಲ್ಲಿ ಆ ಜಾಗದ ಕ್ಯಾನ್ಸರ್ ಹತೋಟಿಯಲ್ಲಿರುತ್ತದೆ. ಟಿ2ಗೆ ಸ್ವಲ್ಪ ಕಡಿಮೆ.

ತಂತಿನ ಅಂಚಿನಲ್ಲಿ ಮೇಲುಮೇಲಿನ ಸಣ್ಣ ಗಂಟಾದರೆ ಲೇಸರ್ ಸುಲಭ. ಆಳಕ್ಕೆ ಹೋಗಿದ್ದರೆ, ಎರಡೂ ತಂತಿನಲ್ಲಿದ್ದರೆ, ಮುಂದಿನ ಮೂಲೆ ತಾಗಿದ್ದರೆ ಲೇಸರ್‌ನಲ್ಲಿ ಜಾಸ್ತಿ ಭಾಗ ಹೋಗುತ್ತದೆ, ಧ್ವನಿಗೆ ಪೆಟ್ಟು ಬೀಳುತ್ತದೆ. ಹಾಗಾಗಿ ತೀರ್ಮಾನಕ್ಕೆ ಮೊದಲು ಆಪರೇಷನ್ ಮಾಡುವ ಡಾಕ್ಟರನ್ನೂ ರೇಡಿಯೇಷನ್ ಡಾಕ್ಟರನ್ನೂ ಇಬ್ಬರನ್ನೂ ಕಾಣಿ. ಒಬ್ಬರನ್ನು ಮಾತ್ರ ಕಂಡರೆ ಒಂದೇ ದಾರಿ ಕಾಣಿಸುತ್ತದೆ. ನಾವು ಇಬ್ಬರನ್ನೂ ಕಂಡೆವು. ಅಪ್ಪನದು ಮುಂದಿನ ಮೂಲೆಯ ಹತ್ತಿರಕ್ಕೆ ಬಂದಿತ್ತು. ರೇಡಿಯೇಷನ್ನೇ ಸರಿ ಅಂತ ಇಬ್ಬರೂ ಒಪ್ಪಿದರು.

ಶುರುವಾಗುವ ಮೊದಲು

ಮೊದಲು ಬೀಡಿ ಬಿಡಿಸಿ. ಇದಕ್ಕಿಂತ ದೊಡ್ಡ ತಯಾರಿ ಬೇರೆ ಇಲ್ಲ. ಸೇದುತ್ತಲೇ ರೇಡಿಯೇಷನ್ ತಗೊಂಡರೆ ಚಿಕಿತ್ಸೆಯ ಫಲ ಕಡಿಮೆಯಾಗುತ್ತದೆ, ಗಂಟಲು ಹುಣ್ಣು ಜಾಸ್ತಿಯಾಗುತ್ತದೆ, ಧ್ವನಿಯೂ ಸರಿಯಾಗಿ ಮರಳುವುದಿಲ್ಲ. ಬೈದರೆ ಬಿಡುವುದಿಲ್ಲ, ಗುಟ್ಟಾಗಿ ಸೇದುತ್ತಾರೆ. ಮೊದಲ ವಾರ ಅಪ್ಪನ ಅಂಗಿ ಜೇಬಿನಲ್ಲಿ ಬೆಂಕಿಪೊಟ್ಟಣ ಸಿಕ್ಕಿತ್ತು. ನಾನು ಕೂಗಾಡಲಿಲ್ಲ. ಡಾಕ್ಟರಿಗೆ ಹೇಳಿ ನಿಕೋಟಿನ್ ಗಮ್ ಬರೆಸಿದೆ, ಜೇಬಿಗೆ ಏಲಕ್ಕಿ ತುಂಬಿಸಿದೆ. 1800-11-2356 ಅಂತ ತಂಬಾಕು ಬಿಡಿಸುವ ಉಚಿತ ಸಹಾಯವಾಣಿ ಇದೆ, ಕನ್ನಡದಲ್ಲೂ ಮಾತಾಡುತ್ತಾರೆ. ಕುಡಿತವನ್ನೂ ಈ ಎರಡು ತಿಂಗಳು ಪೂರ್ತಿ ನಿಲ್ಲಿಸಬೇಕು. ಸೊಂಟಕ್ಕೆ ಕೈಯಿಟ್ಟು ಹೊಗೆ ಬಿಡುವ ಭಾವ-ಮೈದುನರನ್ನೂ ಅಂಗಳಕ್ಕೆ ಕಳಿಸಿ, ಮನೆಯೊಳಗೆ ಹೊಗೆ ಬೇಡ.

ಎರಡನೆಯದು ದುಡ್ಡಿನ ದಾರಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ. 30, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಕೇಳುತ್ತಾರೆ. ಆಧಾರ್, ರೇಷನ್ ಕಾರ್ಡ್, ಬಯಾಪ್ಸಿ ರಿಪೋರ್ಟ್ ಇಷ್ಟನ್ನೂ ನಾಲ್ಕು ನಾಲ್ಕು ಜೆರಾಕ್ಸ್ ಮಾಡಿಸಿ ಒಂದೇ ಫೈಲಿನಲ್ಲಿಡಿ. ರೈಲಿನಲ್ಲಿ ಓಡಾಡುವವರು ಆಸ್ಪತ್ರೆಯಿಂದ ರಿಯಾಯಿತಿ ಫಾರಂ ಕೇಳಿ ತಗೊಳ್ಳಿ. ರೋಗಿಗೂ ಜೊತೆಗೆ ಬರುವ ಒಬ್ಬರಿಗೂ ಟಿಕೆಟ್‌ನಲ್ಲಿ ರಿಯಾಯಿತಿ ಸಿಗುತ್ತದೆ.

ಮೂರನೆಯದು ಉಳಿಯುವ ಜಾಗ. ಬೆಂಗಳೂರಿನ ಕಿದ್ವಾಯಿ, ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆ, ಕಲಬುರಗಿಯ ಕಿದ್ವಾಯಿ ಕೇಂದ್ರ, ಮೈಸೂರು, ಮಂಗಳೂರು, ಮಣಿಪಾಲ, ಈ ಊರುಗಳಲ್ಲೆಲ್ಲ ರೇಡಿಯೇಷನ್ ಸಿಗುತ್ತದೆ. ದೊಡ್ಡ ಹೆಸರಿಗಿಂತ ದಿನಾ ಹೋಗಿಬರಲು ಆಗುವ ಹತ್ತಿರದ ಜಾಗ ನೋಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ. ಕಿದ್ವಾಯಿ ಆವರಣದಲ್ಲಿ ದೂರದಿಂದ ಬಂದವರಿಗೆ ಧರ್ಮಶಾಲೆ ಇದೆ. ಬೇರೆ ಕಡೆಯೂ ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನು ಕೇಳಿದರೆ ಕಡಿಮೆ ಖರ್ಚಿನ ಜಾಗ ಹೇಳುತ್ತಾರೆ. ನಾವು ಅಕ್ಕನ ಮನೆಯಲ್ಲಿ ಉಳಿದೆವು.

ಮಾಸ್ಕ್ ಮಾಡುವ ದಿನ

ಎಲ್ಲರಿಗೂ ಜಾಸ್ತಿ ಗಾಬರಿಯಾಗುವುದು ಈ ದಿನ. ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಧ್ವನಿತಂತು ಒಂದೂವರೆ ಎರಡು ಸೆಂಟಿಮೀಟರ್ ಉದ್ದದ ಸಣ್ಣ ಅಂಗ. ಅದಕ್ಕೆ ದಿನಾ ಒಂದೇ ಜಾಗದಲ್ಲಿ, ಒಂದೇ ಕೋನದಲ್ಲಿ ಕಿರಣ ಬೀಳಬೇಕು. ಕತ್ತು ಸ್ವಲ್ಪ ಆಚೀಚೆ ಆದರೂ ಗುರಿ ತಪ್ಪುತ್ತದೆ. ಅದಕ್ಕೇ ಮಾಸ್ಕ್. ಬಲೆಯ ಹಾಗೆ ತೂತು ತೂತು ಇರುವ ಬಿಳಿ ಪ್ಲಾಸ್ಟಿಕ್ ಹಾಳೆಯನ್ನು ಬಿಸಿನೀರಿನ ತೊಟ್ಟಿಯಲ್ಲಿ ಮುಳುಗಿಸುತ್ತಾರೆ. ಒಂದೆರಡು ನಿಮಿಷದಲ್ಲಿ ಅದು ಆಗತಾನೇ ಒತ್ತಿದ ಹಸಿ ಹಪ್ಪಳದ ಹಾಗೆ ಜೋಲುತ್ತದೆ. ರೋಗಿ ಅಂಗಾತ ಮಲಗಿರುತ್ತಾರೆ, ತಲೆಯ ಕೆಳಗೆ ಗಟ್ಟಿ ದಿಂಬು, ಗದ್ದ ಮೇಲೆ. ಇಬ್ಬರು ಆ ಕಡೆ ಈ ಕಡೆ ನಿಂತು ಹಾಳೆಯನ್ನು ಮುಖದಿಂದ ಭುಜದವರೆಗೆ ಎಳೆದು ಹಲಗೆಗೆ ಕ್ಲಿಪ್ ಹಾಕುತ್ತಾರೆ. ಬೆರಳಿನಿಂದ ಮೂಗು, ಗದ್ದ, ಕತ್ತಿನ ಸುತ್ತ ಒತ್ತುತ್ತಾರೆ. ಮುಖಕ್ಕೆ ಬಿಸಿ ಟವೆಲ್ ಹಾಕಿದ ಹಾಗಿರುತ್ತದೆ. ಹತ್ತು ನಿಮಿಷದಲ್ಲಿ ತಣ್ಣಗಾಗಿ ಗಟ್ಟಿಯಾಗುತ್ತದೆ. ಅದರೊಳಗೆ ಹಾಗೇ ಮಲಗಿಸಿ ಸಿಟಿ ಸ್ಕ್ಯಾನ್ ತೆಗೆಯುತ್ತಾರೆ.

ಬಿಗಿ ಇರುತ್ತದೆ, ಬಿಗಿಯೇ ಇರಬೇಕು. ತೂತುಗಳಿಂದ ಉಸಿರಾಟ ಆರಾಮಾಗಿ ಆಗುತ್ತದೆ. ಅಪ್ಪ ಮೊದಲ ಸಲ ಬೆವೆತು ಕೈ ಎತ್ತಿಬಿಟ್ಟರು. ಟೆಕ್ನಿಷಿಯನ್ ಹುಡುಗ ಬಂದು ಕ್ಲಿಪ್ ಬಿಚ್ಚಿ, ‘ಯಜಮಾನ್ರೇ, ಗಾಬರಿ ಬೇಡ. ಒಂದರಿಂದ ನೂರು ಎಣಿಸಿ, ಅಷ್ಟೊತ್ತಿಗೆ ಮುಗಿಯುತ್ತೆ’ ಅಂದ. ಅಪ್ಪ ನಂಬರ್ ಎಣಿಸಲಿಲ್ಲ. ತಮ್ಮ ಹಳೇ ರೂಟಿನ ಸ್ಟಾಪುಗಳನ್ನು ಮನಸ್ಸಿನಲ್ಲೇ ಕೂಗುತ್ತಾ ಹೋದರಂತೆ. ಮುಂದೆ 28 ದಿನವೂ ಅದೇ ಮಾಡಿದರು. ‘ಇವತ್ತು ನಾಲ್ಕನೇ ಸ್ಟಾಪಿಗೇ ಇಳಿಸಿಬಿಟ್ರು’ ಅಂತ ಹೊರಗೆ ಬಂದು ಹೇಳುತ್ತಿದ್ದರು. ಮುಚ್ಚಿದ ಜಾಗದ ಭಯ ತೀರಾ ಇದ್ದರೆ ಮೊದಲೇ ಹೇಳಿ. ಕಣ್ಣಿನ ಹತ್ತಿರ ಮಾಸ್ಕ್ ಕತ್ತರಿಸಿ ಕಿಂಡಿ ಮಾಡಿಕೊಡುತ್ತಾರೆ.

ಕೆಲವು ಸಣ್ಣ ವಿಷಯ. ಆ ದಿನ ಗಡ್ಡ ಟ್ರಿಮ್ ಮಾಡಿಕೊಂಡು ಹೋಗಿ, ಮುಂದೆಯೂ ಅಷ್ಟೇ ಇಟ್ಟುಕೊಳ್ಳಿ. ಗಡ್ಡ ದಪ್ಪ ಬೆಳೆದರೆ ಮಾಸ್ಕ್ ಕೂರುವುದಿಲ್ಲ. ಕಟ್ಟಿಸಿದ ಹಲ್ಲಿನ ಸೆಟ್ ತೆಗೆಯಬೇಕಾ ಇಟ್ಟುಕೊಳ್ಳಬೇಕಾ ಅಂತ ಕೇಳಿ, ಆ ದಿನ ಹೇಗಿತ್ತೋ ದಿನಾ ಹಾಗೇ ಇರಲಿ. ಕತ್ತಿನ ಸರ, ದಾರ ಮನೆಯಲ್ಲೇ ಬಿಡಿ. ಮಾಸ್ಕ್ ಮೇಲೆ ಅಂಟಿಸುವ ಟೇಪು, ಗುರುತು ಯಾವುದನ್ನೂ ಮುಟ್ಟಬೇಡಿ.

ಸ್ಕ್ಯಾನ್ ಆದ ಮೇಲೆ ಚಿಕಿತ್ಸೆ ಶುರುವಾಗಲು ಕೆಲವು ದಿನ ಬೇಕು. ಡಾಕ್ಟರು ಸ್ಕ್ಯಾನ್‌ನ ಒಂದೊಂದು ಚಿತ್ರದ ಮೇಲೂ ಗುರಿ ಗೆರೆ ಹಾಕುತ್ತಾರೆ, ಫಿಸಿಸಿಸ್ಟ್ ಡೋಸ್ ಲೆಕ್ಕ ಹಾಕುತ್ತಾರೆ. ಸುಮ್ನೆ ಕಾಯಿಸುತ್ತಿದ್ದಾರೆ ಅಂತ ಬೇಸರ ಬೇಡ.

28 ಯಾಕೆ, 33 ಯಾಕಲ್ಲ?

ರೇಡಿಯೇಷನ್ ಅಳತೆಗೆ ‘ಗ್ರೇ’ ಅನ್ನುತ್ತಾರೆ. ಅಪ್ಪನಿಗೆ ದಿನಕ್ಕೆ 2.25 ಗ್ರೇಯಂತೆ 28 ಸಿಟಿಂಗ್, ಒಟ್ಟು 63 ಗ್ರೇ. ಸೋಮವಾರದಿಂದ ಶುಕ್ರವಾರದವರೆಗೆ ಐದು ದಿನ, ಶನಿವಾರ ಭಾನುವಾರ ಬಿಡುವು. ಪಕ್ಕದ ಬೆಂಚಿನವರಿಗೆ 33 ಇತ್ತು, ದಿನಕ್ಕೆ 2 ಗ್ರೇ. ನಮಗೆ ಕಡಿಮೆ ಕೊಟ್ಟರೇನೋ ಅಂತ ಅನುಮಾನ ಬಂದು ಡಾಕ್ಟರನ್ನು ಕೇಳಿದೆ. ಅವರು ಬೇಸರಿಸದೆ ವಿವರಿಸಿದರು. ಜಪಾನಿನ ಒಸಾಕಾದಲ್ಲಿ ಟಿ1 ಹಂತದ 180 ಜನರಿಗೆ ಎರಡೂ ರೀತಿ ಕೊಟ್ಟು ಹೋಲಿಸಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಐದು ವರ್ಷದ ಹೊತ್ತಿಗೆ ದಿನಕ್ಕೆ 2 ಗ್ರೇ ತಗೊಂಡವರಲ್ಲಿ ಶೇ. 77ರಷ್ಟು ಜನರಲ್ಲಿ ಕಾಯಿಲೆ ಹತೋಟಿಯಲ್ಲಿತ್ತು, 2.25 ತಗೊಂಡವರಲ್ಲಿ ಶೇ. 92. ದಿನದ ಡೋಸ್ ಸ್ವಲ್ಪ ಜಾಸ್ತಿ, ದಿನಗಳು ಕಡಿಮೆ. ಬ್ರಿಟನ್ನಿನಲ್ಲಿ 20 ದಿನಕ್ಕೆ 55 ಗ್ರೇ ಕೊಡುವುದೂ ಉಂಟು. ಹಾಗಾಗಿ ಸಿಟಿಂಗ್ ಎಣಿಸಿ ಹೋಲಿಸಬೇಡಿ. ಪಕ್ಕದವರ ಕಾಯಿಲೆ ಬೇರೆ ಜಾಗದ್ದೂ ಇರಬಹುದು.

ಕಾಯುವ ಹಾಲಿನಲ್ಲಿ ಇನ್ನೂ ಏನೇನೋ ಕೇಳಿಸುತ್ತದೆ. ಹಲ್ಲು ಕೀಳಿಸಬೇಕು, ಬಾಯಿ ಒಣಗಿ ರುಚಿಯೇ ಹೋಗುತ್ತದೆ, ಹೊಟ್ಟೆಗೆ ಪೈಪ್ ಹಾಕುತ್ತಾರೆ, ತಲೆಗೂದಲು ಉದುರುತ್ತದೆ. ಬಾಯಿ, ನಾಲಿಗೆ ಕ್ಯಾನ್ಸರ್‌ನವರಿಗೆ ಇದರಲ್ಲಿ ಕೆಲವು ನಿಜ. ಮೊದಲ ಹಂತದ ಧ್ವನಿತಂತಿಗೆ ಕೊಡುವ ಕಿರಣ ಕತ್ತಿನ ಮುಂಭಾಗದಲ್ಲಿ ಐದಾರು ಸೆಂಟಿಮೀಟರ್ ಚೌಕಕ್ಕೆ ಮಾತ್ರ. ದವಡೆ, ಜೊಲ್ಲಿನ ಗ್ರಂಥಿ ಆ ಚೌಕದ ಹೊರಗೇ ಉಳಿಯುತ್ತವೆ. ಕೂದಲು ಉದುರಿದರೂ ಗದ್ದದ ಕೆಳಗಿನ ಗಡ್ಡ ಮಾತ್ರ. ಅಪ್ಪನಿಗೆ ಪೈಪ್ ಬೇಕಾಗಲಿಲ್ಲ.

ದಿನಾ ಒಳಗೆ ಏನಾಗುತ್ತದೆ

ನಮ್ಮ ಕಡೆ ಇದನ್ನು ‘ಕರೆಂಟ್ ಕೊಡೋದು’ ಅನ್ನುತ್ತಾರೆ. ಕೇಳಿದವರು ಶಾಕ್ ಹೊಡೆಯುತ್ತದೆ ಅಂದುಕೊಳ್ಳುತ್ತಾರೆ. ಶಾಕ್ ಇಲ್ಲ, ಬಿಸಿ ಇಲ್ಲ, ನೋವಿಲ್ಲ. ಎಕ್ಸ್‌ರೇ ತೆಗೆಸಿದ ಹಾಗೆ, ಆದರೆ ಆ ಕಿರಣದ ಶಕ್ತಿ ಬಹಳ ಜಾಸ್ತಿ. ಒಳಗೆ ಹೋಗಿ ಹೊರಗೆ ಬರಲು ಹತ್ತು ಹದಿನೈದು ನಿಮಿಷ, ಕಿರಣ ಬೀಳುವುದು ಕೆಲವೇ ನಿಮಿಷ. ಕೋಣೆಯಲ್ಲಿ ರೋಗಿ ಒಬ್ಬರೇ ಇರುತ್ತಾರೆ, ಹೊರಗಿನಿಂದ ಕ್ಯಾಮೆರಾದಲ್ಲಿ ನೋಡುತ್ತಿರುತ್ತಾರೆ. ಕೈ ಎತ್ತಿದರೆ ಯಂತ್ರ ನಿಲ್ಲಿಸಿ ಬರುತ್ತಾರೆ.

ಗಂಟಲ ಮುಂದೆ ಉಬ್ಬಿದ ಗಟ್ಟಿ ಭಾಗದ ಮೇಲೆ ಬೆರಳಿಟ್ಟು ಎಂಜಲು ನುಂಗಿ ನೋಡಿ. ಅದು ಮೇಲೆ ಹೋಗಿ ಕೆಳಗೆ ಬರುತ್ತದೆ ಅಲ್ವಾ? ಧ್ವನಿತಂತು ಅದರ ಹಿಂದೆಯೇ ಇದೆ. ಹಾಗಾಗಿ ಯಂತ್ರ ಶುರುವಾಗುವ ಮೊದಲೇ ಒಮ್ಮೆ ನುಂಗಿಕೊಂಡು, ಆಮೇಲೆ ನಿಧಾನವಾಗಿ ಉಸಿರಾಡುತ್ತಾ ಮಲಗಿ. ನಡುವೆ ತಡೆಯಲಾರದೆ ಒಮ್ಮೆ ನುಂಗಿದರೆ ಏನೂ ಆಗುವುದಿಲ್ಲ, ಅದು ಕ್ಷಣದ ಮಾತು.

ಹೊರಗೆ ಬಂದ ಮೇಲೆ ಮೈಯಲ್ಲಿ ಕಿರಣ ಉಳಿಯುವುದಿಲ್ಲ. ಮೊಮ್ಮಕ್ಕಳನ್ನು ಎತ್ತಿಕೊಳ್ಳಬಹುದು, ಒಂದೇ ತಟ್ಟೆಯಲ್ಲಿ ಉಣ್ಣಬಹುದು. ಅಕ್ಕನ ಮನೆಯ ಪಕ್ಕದವರು ತಮ್ಮ ಗರ್ಭಿಣಿ ಸೊಸೆಯನ್ನು ಅಪ್ಪನ ಹತ್ತಿರ ಬಿಡದೆ ಇದ್ದದ್ದರಿಂದ ಅಪ್ಪನಿಗೆ ತುಂಬಾ ನೋವಾಗಿತ್ತು. ಆ ಹೆದರಿಕೆ ಬೇಡವೇ ಬೇಡ.

ಒಂದು ದಿನವೂ ತಪ್ಪಿಸಬೇಡಿ

ಈ ಬರಹದಲ್ಲಿ ಬೇರೆಲ್ಲ ಮರೆತರೂ ಇದೊಂದನ್ನು ನೆನಪಿಡಿ.

ಮೊದಲ ಕೆಲವು ವಾರ ಕ್ಯಾನ್ಸರ್ ಕಣಗಳು ಸಾಯುತ್ತಾ ಹೋಗುತ್ತವೆ. ಸುಮಾರು ನಾಲ್ಕನೇ ವಾರದ ಹೊತ್ತಿಗೆ, ಉಳಿದಿರುವ ಕಣಗಳು ಮೊದಲಿಗಿಂತ ವೇಗವಾಗಿ ಬೆಳೆಯಲು ಶುರುಮಾಡುತ್ತವೆ. ಆಗ ನಡುವೆ ಬಿಡುವು ಕೊಟ್ಟರೆ ಅವಕ್ಕೆ ಚೇತರಿಸಿಕೊಳ್ಳಲು ಸಮಯ ಕೊಟ್ಟ ಹಾಗೆ. ಧ್ವನಿಪೆಟ್ಟಿಗೆಯ ಕ್ಯಾನ್ಸರ್ ಮೇಲೆ ನಡೆದ ಅಧ್ಯಯನಗಳ ಪ್ರಕಾರ, ಒಟ್ಟು ಅವಧಿ ಒಂದು ದಿನ ಎಳೆದರೆ ಹತೋಟಿಯ ಸಾಧ್ಯತೆ ಹೆಚ್ಚುಕಡಿಮೆ ಶೇ. 1ಕ್ಕಿಂತ ಸ್ವಲ್ಪ ಜಾಸ್ತಿಯೇ ಇಳಿಯುತ್ತದೆ. ಒಂದು ವಾರ ಬಿಟ್ಟರೆ ಎಷ್ಟಾಯಿತು ಲೆಕ್ಕ ಹಾಕಿ. ಕೊನೆಯಲ್ಲಿ ಸಿಟಿಂಗ್ ಪೂರ್ತಿ ಮಾಡಿದರಾಯಿತು ಅನ್ನುವ ಹಾಗಿಲ್ಲ.

ಜನ ಬಿಡುವುದು ಮೂರನೇ ವಾರದ ನಂತರವೇ. ಗಂಟಲು ನೋಯುತ್ತದೆ, ಸುಸ್ತು, ‘ಒಂದು ವಾರ ಊರಿಗೆ ಹೋಗಿ ಬರ್ತೀನಿ’ ಅನ್ನುತ್ತಾರೆ. ಬಿತ್ತನೆ ಇರುತ್ತದೆ, ಜಾತ್ರೆ ಇರುತ್ತದೆ. ನಮಗೂ ಬಂತು. ನಾಲ್ಕನೇ ವಾರ ಅತ್ತೆಯ ಮಗಳ ಮದುವೆ, ಅಪ್ಪ ಹೋಗಲೇಬೇಕು ಅಂತ ಹಟ ಹಿಡಿದರು. ನಾನು ಬೇಡ ಅನ್ನಲಿಲ್ಲ. ಟೆಕ್ನಿಷಿಯನ್‌ಗೆ ಹೇಳಿ ಶುಕ್ರವಾರ ಬೆಳಗಿನ ಮೊದಲ ಸರದಿ, ಸೋಮವಾರ ಸಂಜೆಯ ಸರದಿ ಹಾಕಿಸಿಕೊಂಡೆ. ಶುಕ್ರವಾರ ಹತ್ತು ಗಂಟೆಗೇ ಬಸ್ ಹತ್ತಿದೆವು. ಭಾನುವಾರದ ಧಾರೆ ಮುಗಿಸಿ, ಸೋಮವಾರ ನಾಲ್ಕು ಗಂಟೆಗೆ ಆಸ್ಪತ್ರೆಯಲ್ಲಿದ್ದೆವು. ಒಂದು ಸಿಟಿಂಗೂ ತಪ್ಪಲಿಲ್ಲ.

ಕೆಲವು ಸಲ ತಪ್ಪು ನಮ್ಮದಲ್ಲ. ನಾವು ಹೋಗುತ್ತಿದ್ದ ಕಡೆ ಒಂದು ದಿನ ಯಂತ್ರ ಕೆಟ್ಟಿತು, ಮರುದಿನ ಸರ್ಕಾರಿ ರಜೆ. ಎರಡು ದಿನ ಹೋಯಿತು. ಯಾರೂ ತಾವಾಗಿ ಏನೂ ಹೇಳಲಿಲ್ಲ. ನಾನೇ ಡಾಕ್ಟರ ಹತ್ತಿರ ಹೋಗಿ, ‘ಈ ಎರಡು ದಿನ ಹೇಗೆ ತುಂಬಿಸ್ತೀರಿ ಸರ್?’ ಅಂತ ಕೇಳಿದೆ. ಒಂದನ್ನು ಶನಿವಾರ ಕೊಟ್ಟರು. ಇನ್ನೊಂದನ್ನು ಒಂದೇ ದಿನ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಕೊಟ್ಟು ಸರಿಮಾಡಿದರು. ಹಾಗೆ ಎರಡು ಸಲ ಕೊಡುವಾಗ ನಡುವೆ ಕಡೇಪಕ್ಷ ಆರು ಗಂಟೆ ಬಿಡುವು ಇರಬೇಕು. ನೀವೂ ಕೇಳಿ. ಮರ್ಯಾದೆಯಿಂದ ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಹತ್ತಿರದ ಆಸ್ಪತ್ರೆ ನೋಡಿ ಅಂತ ಮೊದಲು ಹೇಳಿದ್ದು ಇದಕ್ಕೇ. ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ ದಿನಾ ಒಂದು ಗೀಟು ಎಳೆಯುತ್ತಾ ಬನ್ನಿ. ಎಷ್ಟು ಆಯಿತು, ಎಷ್ಟು ಉಳಿಯಿತು ಅಂತ ಮನೆಯವರಿಗೆಲ್ಲ ಗೊತ್ತಿರಲಿ.

ಮೂರನೇ ವಾರದಿಂದ

ಮೊದಲ ಎರಡು ವಾರ ಏನೂ ಅನ್ನಿಸುವುದಿಲ್ಲ. ಆಮೇಲೆ ನುಂಗುವಾಗ ಚುಚ್ಚಿದ ಹಾಗಾಗುತ್ತದೆ, ಅಂಟು ಕಫ ಕಟ್ಟುತ್ತದೆ, ಕತ್ತಿನ ಚರ್ಮ ಬಿಸಿಲಿಗೆ ಸುಟ್ಟ ಹಾಗೆ ಕಪ್ಪಾಗುತ್ತದೆ. ಧ್ವನಿ ಮೊದಲಿಗಿಂತ ಇನ್ನೂ ಕೆಡುತ್ತದೆ. ಇದು ಕಾಯಿಲೆ ಜಾಸ್ತಿಯಾದ ಲಕ್ಷಣ ಅಲ್ಲ. ತಂತಿನ ಮೇಲಿನ ಪದರ ಉರಿಗೆ ಊದಿಕೊಂಡಿರುತ್ತದೆ, ಅಷ್ಟೇ. ಅಪ್ಪನಿಗೆ ಇಪ್ಪತ್ತನೇ ಸಿಟಿಂಗ್ ಹೊತ್ತಿಗೆ ಧ್ವನಿ ಪೂರ್ತಿ ಹೋಯಿತು. ಒಂದು ಹಳೇ ಡೈರಿಯಲ್ಲಿ ‘ನೀರು’, ‘ಮೊಸರು ಬೇಡ’, ‘ಟಿವಿ ಸೌಂಡ್ ಕಡಿಮೆ ಮಾಡು ಮಗಾ’ ಅಂತ ಬರೆದು ತೋರಿಸುತ್ತಿದ್ದರು.

ಆಗ ಪಿಸುಗುಟ್ಟಿ ಮಾತಾಡಲು ಬಿಡಬೇಡಿ. ಬಲವಂತದ ಪಿಸುಮಾತಿನಿಂದ ತಂತಿಗೆ ಮೆಲುಮಾತಿಗಿಂತ ಜಾಸ್ತಿ ಶ್ರಮ. ಮೆಲ್ಲಗೆ ಸಹಜ ಧ್ವನಿಯಲ್ಲಿ ಸ್ವಲ್ಪ ಮಾತಾಡಲಿ, ಇಲ್ಲವೇ ಬರೆಯಲಿ. ಕೂಗುವುದು, ಗಂಟಲು ಕ್ಯಾಕರಿಸುವುದು ಬೇಡ. ಕಫ ಬಂದರೆ ಒಂದು ಗುಟುಕು ನೀರು ಕುಡಿದು ನುಂಗಲಿ. ಫೋನ್ ಮಾಡುವ ನೆಂಟರಿಗೆ ನೀವೇ ಉತ್ತರ ಹೇಳಿ.

ಒಂದು ದೊಡ್ಡ ಲೋಟ ಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು, ಅರ್ಧ ಚಮಚ ಅಡುಗೆ ಸೋಡ ಹಾಕಿ ದಿನಕ್ಕೆ ನಾಲ್ಕೈದು ಸಲ ಬಾಯಿ ಮುಕ್ಕಳಿಸಲಿ. ಅದು ಧ್ವನಿತಂತಿನವರೆಗೆ ಹೋಗುವುದಿಲ್ಲ, ಆದರೆ ಗಂಟಲಿಗೆ ಹಿತ. ಸ್ಪಿರಿಟ್ ಇರುವ ಮೌತ್‌ವಾಶ್ ಬೇಡ. ನೋವಿನ ಔಷಧವನ್ನು ಊಟಕ್ಕೆ ಅರ್ಧ ಗಂಟೆ ಮೊದಲು ಕೊಡಿ. ನೋವು ತಡೆದುಕೊಳ್ಳುವುದರಲ್ಲಿ ದೊಡ್ಡಸ್ತಿಕೆ ಏನಿಲ್ಲ. ಸಾಲದಿದ್ದರೆ ಡಾಕ್ಟರಿಗೆ ಹೇಳಿ, ಇನ್ನೂ ಗಟ್ಟಿ ಔಷಧ ಇರುತ್ತದೆ.

ಊಟ ಮೆತ್ತಗಿರಲಿ, ಬಿಸಿ ಆರಿರಲಿ. ನಮ್ಮ ಮನೆಯಲ್ಲಿ ನಡೆದದ್ದು: ಬೆಳಿಗ್ಗೆ ಹಾಲಿನಲ್ಲಿ ನೆನೆಸಿದ ಇಡ್ಲಿ, ಹತ್ತು ಗಂಟೆಗೆ ಮಜ್ಜಿಗೆ ಬೆರೆಸಿದ ರಾಗಿ ಅಂಬಲಿ, ಮಧ್ಯಾಹ್ನ ಕಿವುಚಿದ ಅನ್ನಕ್ಕೆ ತುಪ್ಪ ಮತ್ತು ಕಟ್ಟಿನ ಸಾರು, ಸಂಜೆ ಬೇಯಿಸಿದ ಮೊಟ್ಟೆ, ರಾತ್ರಿ ಮುದ್ದೆ. ಮುದ್ದೆ ನುಂಗುವುದೇ ತಾನೇ, ಅಗಿಯುವ ಕೆಲಸವಿಲ್ಲ. ಸಣ್ಣ ತುತ್ತು ಮಾಡಿ, ಖಾರವಿಲ್ಲದ ಸೊಪ್ಪಿನ ಸಾರಿನಲ್ಲಿ ಜಾರಿಸಿದರೆ ಅಪ್ಪನಿಗೆ ಸಲೀಸಾಗಿ ಹೋಗುತ್ತಿತ್ತು. ಎಲ್ಲರಿಗೂ ಹೀಗೇ ಅಂತಲ್ಲ, ಗಂಟಲಲ್ಲಿ ಸಿಕ್ಕುತ್ತದೆ ಅಂದರೆ ಅಂಬಲಿಯೇ ಸಾಕು. ಮೆಣಸಿನಕಾಯಿ, ಹುಣಸೆಹುಳಿ, ಉಪ್ಪಿನಕಾಯಿ, ಚಕ್ಕುಲಿ, ಕುದಿಯುವ ಕಾಫಿ ದೂರ. ವಾರಕ್ಕೊಮ್ಮೆ ತೂಕ ನೋಡಿ. ತೂಕ ಇಳಿದರೆ ಮಾಸ್ಕ್ ಸಡಿಲವಾಗುತ್ತದೆ, ಆಗ ಹೊಸ ಮಾಸ್ಕ್ ಮಾಡಬೇಕಾಗಬಹುದು.

ಕತ್ತಿಗೆ ಕಾಲರ್ ಇಲ್ಲದ ಹತ್ತಿ ಬಟ್ಟೆ. ಸ್ನಾನಕ್ಕೆ ಉಗುರುಬೆಚ್ಚಗಿನ ನೀರು, ಆ ಜಾಗ ಉಜ್ಜಬೇಡಿ. ಅರಿಶಿನ, ಡೆಟಾಲ್, ವಿಕ್ಸ್, ಪೌಡರ್ ಹಚ್ಚಬೇಡಿ. ಡಾಕ್ಟರು ಬರೆದ ಮುಲಾಮನ್ನು ಸಿಟಿಂಗ್ ಆದ ಮೇಲೆ ಹಚ್ಚಿ. ರೇಜರ್ ಬ್ಲೇಡ್ ಬೇಡ, ಟ್ರಿಮ್ಮರ್ ಸಾಕು. ಬಿಸಿಲಿಗೆ ಹೋಗುವಾಗ ಟವೆಲ್ ಸುತ್ತಿಕೊಳ್ಳಲಿ.

ಕಾಯದೆ ಓಡಬೇಕಾದಾಗ

ಉಸಿರು ಎಳೆಯುವಾಗ ಸಿಳ್ಳೆಯಂಥ ಸದ್ದು, ಮಲಗಿದರೆ ಉಸಿರು ಕಟ್ಟುವುದು, ನೀರೂ ಇಳಿಯದಿರುವುದು, ಕಫದಲ್ಲಿ ರಕ್ತ, 100.4 ಡಿಗ್ರಿ ದಾಟಿದ ಜ್ವರ. ಇವುಗಳಲ್ಲಿ ಒಂದು ಕಂಡರೂ ಮುಂದಿನ ಸಿಟಿಂಗ್‌ಗೆ ಕಾಯಬೇಡಿ, ರಾತ್ರಿಯಾದರೂ ಹೊರಡಿ. ಊದಿಕೊಂಡ ಧ್ವನಿಪೆಟ್ಟಿಗೆಯಲ್ಲಿ ಉಸಿರಿನ ದಾರಿ ಕಿರಿದಾಗುವುದು ಅಪರೂಪ. ಆದರೆ ಆದಾಗ ಗಂಟೆಗಳ ಲೆಕ್ಕ.

ಮುಗಿದ ಮೇಲೆ

ಕೊನೆಯ ಸಿಟಿಂಗ್ ದಿನವೇ ಎಲ್ಲ ಸರಿಹೋಗುವುದಿಲ್ಲ. ಮುಂದಿನ ಎರಡು ವಾರ ಗಂಟಲು ಇನ್ನೂ ಉರಿಯುತ್ತದೆ. ನಾಲ್ಕರಿಂದ ಆರು ವಾರದಲ್ಲಿ ಊಟ ಮಾಮೂಲಿಗೆ ಬರುತ್ತದೆ. ಧ್ವನಿಗೆ ಎರಡು ಮೂರು ತಿಂಗಳು ಬೇಕು, ಕೆಲವರಿಗೆ ಇನ್ನೂ ಜಾಸ್ತಿ. ಹೆಚ್ಚಿನವರಿಗೆ ಚಿಕಿತ್ಸೆಗೆ ಮೊದಲಿದ್ದ ಧ್ವನಿಗಿಂತ ಒಳ್ಳೆಯ ಧ್ವನಿ ಬರುತ್ತದೆ, ಹರೆಯದ ಕಾಲದ ಧ್ವನಿ ಬರುತ್ತದೆ ಅಂತ ಮಾತ್ರ ಕಾಯಬೇಡಿ. ಪಾಠ ಹೇಳುವವರು, ಹಾಡುವವರು, ಸಂತೆಯಲ್ಲಿ ಕೂಗುವವರು ಸ್ಪೀಚ್ ಥೆರಪಿಸ್ಟ್ ಹತ್ತಿರ ಹೋಗಲೇಬೇಕು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಧ್ವನಿಯ ಪರೀಕ್ಷೆ, ತರಬೇತಿ ಎರಡೂ ಸಿಗುತ್ತವೆ. ನಾವು ಅಲ್ಲಿಗೇ ಹೋದೆವು.

ಮರುಪರೀಕ್ಷೆ ಬಿಡಬೇಡಿ. ಮೊದಲ ವರ್ಷ ಒಂದರಿಂದ ಮೂರು ತಿಂಗಳಿಗೊಮ್ಮೆ ಕ್ಯಾಮೆರಾ ಹಾಕಿ ನೋಡುತ್ತಾರೆ, ಆಮೇಲೆ ಅಂತರ ಹೆಚ್ಚಿಸುತ್ತಾ ಹೋಗುತ್ತಾರೆ, ಐದು ವರ್ಷದ ನಂತರ ವರ್ಷಕ್ಕೊಮ್ಮೆ. ಸರಿಹೋಗಿದ್ದ ಧ್ವನಿ ಮತ್ತೆ ಗೊಗ್ಗರಾದರೆ, ತಿಂಗಳುಗಟ್ಟಲೆ ಊತ ಇಳಿಯದಿದ್ದರೆ, ಕಿವಿ ನೋವು ಬಂದರೆ ತಾರೀಖಿಗೆ ಕಾಯದೆ ಹೋಗಿ. ಮತ್ತೆ ಬಂದರೂ ಬೇಗ ಸಿಕ್ಕಿದರೆ ಆಪರೇಷನ್‌ನಿಂದ ಗುಣಪಡಿಸುವ ದಾರಿ ಇರುತ್ತದೆ. ಥೈರಾಯ್ಡ್ ಗ್ರಂಥಿ ಅದೇ ಜಾಗದ ಪಕ್ಕದಲ್ಲಿರುವುದರಿಂದ ಅದು ಸರಿಯಾಗಿ ಕೆಲಸ ಮಾಡುತ್ತಿದೆಯಾ ಅಂತ ನೋಡಲು ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಟಿಎಸ್ಎಚ್ ರಕ್ತಪರೀಕ್ಷೆ ಮಾಡಿಸಿ. ಮುಂದೆ ಯಾವ ಡಾಕ್ಟರ ಹತ್ತಿರ ಹೋದರೂ ಕತ್ತಿಗೆ ಇಷ್ಟು ರೇಡಿಯೇಷನ್ ಆಗಿದೆ ಅಂತ ಮೊದಲೇ ಹೇಳಿ. ಡೋಸ್ ಬರೆದಿರುವ ಡಿಸ್ಚಾರ್ಜ್ ಸಾರಾಂಶವನ್ನು ಲ್ಯಾಮಿನೇಷನ್ ಮಾಡಿಸಿಡಿ.

ಮಾಸ್ಕನ್ನು ಕೊನೆಯ ದಿನ ನಮಗೇ ಕೊಟ್ಟರು. ಅಪ್ಪ ಅದನ್ನು ಅಟ್ಟದ ಮೇಲೆ, ಅವರ ಹಳೇ ಟಿಕೆಟ್ ಮೆಷಿನ್ನಿನ ಚೀಲದ ಪಕ್ಕ ಇಟ್ಟಿದ್ದಾರೆ. ಈಗ ಎರಡನೇ ವರ್ಷ. ಮುಂದಿನ ತಾರೀಖು ಬರುವ ತಿಂಗಳ ಮೊದಲ ಮಂಗಳವಾರ. ಫೈಲಿಗೆ ಟಿಎಸ್ಎಚ್ ರಿಪೋರ್ಟ್ ಸೇರಿಸುವುದು ಬಾಕಿ ಇದೆ.